ಗಂಟೆಯ ಬಾಯಿ ಕಟ್ಟಿದ್ದು ಯಾರು?

"ಆಸ್ಪತ್ರೆಯೂ ಬೇಡ, ಸೂಜಿಯೂ ಬೇಡ ಸರ್. ಅದು ಕಳ್ಳ ಹೊಟ್ಟೆನೋವು. ಪರೀಕ್ಷೆ ಬಂತು ಅಂದ್ರೆ ಅವಳಿಗೆ ಹೊಟ್ಟೆನೋವೂ ಬರತ್ತೆ. ಮಲಗಿಸಿ, ತಾನೇ ಸರಿಹೋಗ್ತಾಳೆ."

ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಹೆಂಗಸಿನ ದನಿ ಮೂರನೆಯ ಸಲ ಕೇಳಿಸಿತು. ಮುಖ್ಯೋಪಾಧ್ಯಾಯರು ಶಾಲೆಯ ಮೊಬೈಲನ್ನು ಮುಂದೆ ಹಿಡಿದು ಅದರಲ್ಲಿ ಮುದ್ರಣವಾಗಿದ್ದ ಕರೆಯನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರು. ಅವರ ಅಂಗಿಯ ಕೊರಳಪಟ್ಟಿ ಹುಡುಗಿಯ ತಂದೆಯ ಮುಷ್ಟಿಯಲ್ಲಿತ್ತು.

"ಕೇಳಿದ್ರಲ್ಲ ಸ್ವಾಮಿ! ನಾನು ಒಪ್ಪಿಗೆ ಕೇಳ್ದೆ. ನಿಮ್ಮ ಮನೆಯವರೇ ಬೇಡ ಅಂದ್ರು. ತಾಯಿ ಬೇಡ ಅಂದ ಮೇಲೆ ನಾನು ಯಾವ ಧೈರ್ಯದ ಮೇಲೆ ಕಳಿಸ್ಲಿ?"

ತಂದೆಯ ಮುಷ್ಟಿ ಸಡಿಲಿತು. ಆತ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

ಅವಳು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಕಾರ್ಖಾನೆಯ ನೀಲಿ ಮೇಲಂಗಿಯನ್ನೂ ಕಳಚಿರಲಿಲ್ಲ. ಮಡಿಲಲ್ಲಿ ಶಾಲೆಯ ಒಂದು ಬೂಟು. ಇನ್ನೊಂದು ಎಲ್ಲಿ ಬಿತ್ತೋ ಅವಳಿಗೆ ತಿಳಿಯದು. ಸಂಜೆ ಮಗಳನ್ನು ಕರೆದೊಯ್ಯಲು ಹೋದವಳು ಅವಳನ್ನು ವಿಶ್ರಾಂತಿ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಸ್ಥಿತಿಯಲ್ಲಿ ಕಂಡು, ತೋಳಲ್ಲಿ ಹೊತ್ತುಕೊಂಡೇ ಓಡಿ ಬಂದಿದ್ದಳು.

"ಅದು ನಾನಲ್ಲ," ಎಂದಳು. "ನನಗೆ ಯಾರೂ ಫೋನೇ ಮಾಡಿಲ್ಲ."

"ನಿನ್ನ ದನಿ ನನಗೆ ಗೊತ್ತಿಲ್ವೇನೇ? ಕಳ್ಳ ಹೊಟ್ಟೆನೋವು ಅನ್ನೋದು ಈ ಲೋಕದಲ್ಲಿ ನೀನೊಬ್ಬಳೇ!" ಗಂಡ ಒಂದು ಹೆಜ್ಜೆ ಮುಂದೆ ಬಂದ. "ಹೆತ್ತವಳಾಗಿದ್ರೆ ಹಾಗಂತಿದ್ದಳಾ?"

ಗಲಾಟೆಯ ಸುದ್ದಿ ಕೇಳಿ ಬಂದಿದ್ದ ಇನ್ಸ್‌ಪೆಕ್ಟರ್ ಇದೆಲ್ಲವನ್ನೂ ಕಂಬದ ಪಕ್ಕದಲ್ಲಿ ನಿಂತು ನೋಡಿದಳು. ಇಪ್ಪತ್ತು ವರ್ಷ ಖಾಕಿ ತೊಟ್ಟವಳು. ಹೆಣಗಳನ್ನು ನೋಡಿ ಹೆದರುತ್ತಿರಲಿಲ್ಲ. ಆದರೆ ಆ ಒಂಟಿ ಬೂಟಿನಿಂದ ಕಣ್ಣು ತೆಗೆಯಲಾಗಲಿಲ್ಲ.

ಶಸ್ತ್ರಕ್ರಿಯೆಯ ಕೋಣೆಯ ಬಾಗಿಲು ತೆರೆಯಿತು. ವೈದ್ಯರು ಮುಖದ ಬಟ್ಟೆ ಕೆಳಗೆಳೆದರು.

"ಕರುಳುಬಾಲ, ಅಂದ್ರೆ ಅಪೆಂಡಿಕ್ಸು, ಒಡೆದು ಕೀವು ಹೊಟ್ಟೆಯೆಲ್ಲ ತುಂಬಿದೆ. ತೊಳೆದಿದ್ದೀವಿ. ನಾಳೆ ಸಂಜೆವರೆಗೆ ನಾನು ಯಾವ ಮಾತೂ ಕೊಡಲಾರೆ. ಮಧ್ಯಾಹ್ನಕ್ಕೇ ತಂದಿದ್ರೆ..."

"ನೀವು ಯಾರ ಒಪ್ಪಿಗೆ ತಗೊಂಡ್ರಿ ಡಾಕ್ಟ್ರೇ?" ಇನ್ಸ್‌ಪೆಕ್ಟರ್ ಕೇಳಿದಳು.

"ಯಾರದ್ದೂ ಇಲ್ಲ. ಈಯಮ್ಮನ ಕೈಲಿ ಪೆನ್ನು ನಿಲ್ತಿರಲಿಲ್ಲ, ತಂದೆ ಇನ್ನೂ ಬಂದಿರಲಿಲ್ಲ. ಜೀವ ಹೋಗ್ತಿರುವಾಗ ಸಹಿಗೆ ಕಾಯಬೇಕು ಅಂತ ಯಾವ ಕಾನೂನೂ ಹೇಳಲ್ಲ. ಮೊದಲು ಹೊಟ್ಟೆ ಕೊಯ್ದೆ. ಸಹಿ ಆಮೇಲೆ."

ಮುಖ್ಯೋಪಾಧ್ಯಾಯರು ನೆಲ ನೋಡಿದರು.

* * *

ಮರುದಿನ ಬೆಳಗ್ಗೆ ಠಾಣೆಯಲ್ಲಿ ಮುಖ್ಯಪೇದೆಗೆ ಯಾವ ಸಂದೇಹವೂ ಉಳಿದಿರಲಿಲ್ಲ.

"ಮೇಡಂ, ಇದರಲ್ಲಿ ತನಿಖೆ ಮಾಡೋಕೇನಿದೆ? ಶಾಲೆಯವರು ಕರೆ ಮಾಡಿದ ನಂಬರು ಈಯಮ್ಮನ ಹೆಸರಲ್ಲೇ ಇದೆ. ಕರೆ ತಗೊಂಡಾಗ ಫೋನು ಇದೇ ಬಡಾವಣೆಯಲ್ಲಿತ್ತು. ಈಯಮ್ಮನ ಕಾರ್ಖಾನೆಯೂ ಇಲ್ಲೇ, ಶಾಲೆಯಿಂದ ಎರಡು ಬೀದಿ ಆಚೆ. ದನಿ ಗಂಡನೇ ಗುರುತಿಸಿದ್ದಾನೆ. ಇನ್ನೇನು, ಅಂಗೈ ಹುಣ್ಣಿಗೆ ಕನ್ನಡಿ ಹಿಡೀಬೇಕಾ?"

"ಫೋನು ಎಲ್ಲಿದೆ?"

"ಅದೇ ಮಜಾ. ಕಳೆದುಹೋಯ್ತಂತೆ!"

ಎದುರು ಕುಳಿತಿದ್ದ ಚಿಕ್ಕಮ್ಮನ ಕಣ್ಣುಗಳು ಇಡೀ ರಾತ್ರಿ ಮುಚ್ಚಿರಲಿಲ್ಲ. ಹುಡುಗಿ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಚಿಕ್ಕಮ್ಮ. ಹೆತ್ತವಳು ತೀರಿಕೊಂಡ ಮನೆಗೆ ಎರಡನೆಯವಳಾಗಿ ಬಂದವಳು.

"ಅದು ನನ್ನ ಹಳೇ ಫೋನು ಮೇಡಂ. ಹೊಸದು ತಗೊಂಡಾಗ ಪುಟ್ಟಿಗೆ ಕೊಟ್ಟಿದ್ದೆ. ಶಾಲೆಗೆ ಹೊಸ ನಂಬರು ಕೊಡು ಅಂತ ಅವಳಿಗೇ ಹೇಳಿದ್ದೆ. ಕೊಟ್ಟೆ ಅಂದ್ಲು. ಆಮೇಲೆ ಒಂದಿನ ಫೋನೇ ಕಳೆದುಹೋಯ್ತು ಅಂದ್ಲು. ಬೈದೆ. ಅಷ್ಟೇ."

"ಕೆಲಸದ ಹೊತ್ತಲ್ಲಿ ಕರೆ ತಗೊಳ್ಳೋಕಾಗತ್ತಾ?"

"ಔಷಧಿ ಕಟ್ಟೋ ಕೋಣೆಗೆ ಫೋನು ಬಿಡಲ್ಲ. ಬಾಗಿಲಲ್ಲೇ ಪೆಟ್ಟಿಗೆಗೆ ಹಾಕ್ತೀವಿ."

"ಊಟದ ಬಿಡುವಲ್ಲಿ ತೆಗೀಬಹುದಲ್ಲ?" ಮುಖ್ಯಪೇದೆ ಕೆಣಕಿದ.

"ತೆಗೀಬಹುದು." ಅವಳು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೇ ಅನುಕೂಲವಿತ್ತು.

ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದಳು. ಲೋಕದಲ್ಲಿ ಮಲತಾಯಿಯ ಮೇಲೆ ಆರೋಪ ಹೊರಿಸುವುದಕ್ಕಿಂತ ಸುಲಭವಾದ ಕೆಲಸ ಇನ್ನೊಂದಿಲ್ಲ. ಸಾಕ್ಷಿ ಅರ್ಧ ಸಿಕ್ಕರೆ ಸಾಕು, ಉಳಿದರ್ಧವನ್ನು ಅಜ್ಜಿಕಥೆಗಳು ತುಂಬಿಕೊಡುತ್ತವೆ. ತಾನೂ ಆ ಸುಲಭದ ದಾರಿ ಹಿಡಿದುಬಿಟ್ಟರೆ? ಆ ಭಯ ಅವಳನ್ನು ಬೆಳಗಿನಿಂದ ಕಾಡುತ್ತಿತ್ತು.

"ಮೇಡಂ," ಚಿಕ್ಕಮ್ಮ ಸಣ್ಣ ದನಿಯಲ್ಲಿ ಕೇಳಿದಳು. "ಅವಳು ಎದ್ದಾಗ ನಾನು ಅಲ್ಲಿರಬಹುದಾ? ಆಮೇಲೆ ಎಲ್ಲಿ ಬೇಕಾದ್ರೂ ಕೂರಿಸಿ."

ಇನ್ಸ್‌ಪೆಕ್ಟರ್ ಶಾಲೆಯ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಧ್ವನಿಮುದ್ರಣವನ್ನು ಮತ್ತೆ ಹಚ್ಚಿದಳು. ಮುಖ್ಯೋಪಾಧ್ಯಾಯರ ಪ್ರಶ್ನೆ. ಹೆಂಗಸಿನ ಉತ್ತರ. ಅಷ್ಟರಲ್ಲಿ ಹಿಂದಿನಿಂದ ಒಂದು ಸಂಗೀತ. ಹಕ್ಕಿಯ ಕೂಗಿನಂತೆ ಶುರುವಾಗಿ, ಮೆಟ್ಟಿಲಿಳಿದಂತೆ ಇಳಿದು, ಕೊನೆಯ ಸ್ವರದಲ್ಲಿ ಗಂಟಲು ಕಟ್ಟಿ ಅಪಸ್ವರವಾಗುವ ರಾಗ. ಆ ರಾಗ ಶುರುವಾಗುತ್ತಲೇ ಹೆಂಗಸು ಫೋನಿನ ಬಾಯಿಗೆ ಅಂಗೈ ಮುಚ್ಚಿದಂತೆ ಗೊರಗೊರ ಸದ್ದು. ಆಮೇಲೆ, "ನಾನು ಸಂಜೆ ಬರ್ತೀನಿ," ಎಂಬ ಅವಸರದ ಮಾತು. ಕರೆ ಮುಗಿಯಿತು.

"ಈ ಸಂಗೀತ ನಿಮ್ಮ ಕಾರ್ಖಾನೆಯದ್ದಾ?"

"ನಮ್ಮಲ್ಲಿ ಸಂಗೀತ ಎಲ್ಲಿ ಮೇಡಂ? ಬರೀ ಯಂತ್ರದ ಸದ್ದು."

"ಯಾರ ಮನೆಯ ಕರೆಗಂಟೆಯೋ," ಎಂದ ಮುಖ್ಯಪೇದೆ. "ಇಲ್ಲಾ ಆಟಿಕೆ ಮಾರೋರ ಗಾಡಿ. ಕೆಟ್ಟುಹೋದ ಆಟಿಕೆ!"

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ.

* * *

ಶಾಲೆಯ ಮೊಗಸಾಲೆಗೆ ಹೊಸ ಬಣ್ಣದ ವಾಸನೆ. ಬಾಗಿಲ ಬಾಗಿಲಿಗೂ ಹೂಕುಂಡ. ನಿನ್ನೆ ಮೇಲಿನವರ ತಂಡವೊಂದು ಶಾಲೆಯನ್ನು ಪರಿಶೀಲಿಸಲು ಬಂದಿತ್ತೆಂದು ಗೋಡೆಯ ಮೇಲಿನ ಸ್ವಾಗತದ ಬಟ್ಟೆ ಸಾರುತ್ತಿತ್ತು.

ವಿಶ್ರಾಂತಿ ಕೋಣೆಯ ದಾದಿ ಇನ್ಸ್‌ಪೆಕ್ಟರನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

"ಹೊಟ್ಟೆ ಮುಟ್ಟಿದ್ರೆ ಹಲಗೆ ಮೇಡಂ, ಹಲಗೆ! ಹಣೆ ಕಾದ ಹಂಚು. ಇದು ಆಟ ಅಲ್ಲ ಸರ್, ಆಂಬುಲೆನ್ಸ್ ಕರೀರಿ ಅಂತ ಎರಡು ಸಲ ಹೋಗಿ ಬೇಡ್ಕೊಂಡೆ. ಮೊದಲನೇ ಸಲ, ತಾಯಿಗೆ ಫೋನು ಮಾಡ್ತೀನಿ ಅಂದ್ರು. ಎರಡನೇ ಸಲ ಹೋದಾಗ, ತಾಯಿ ಒಪ್ಪಿಲ್ಲ, ನೀನ್ಯಾರು ತಾಯಿಗಿಂತ ಹೆಚ್ಚಿನವಳು ಅಂದ್ರು."

"ತಂದೆಗೆ ಫೋನು ಮಾಡಿದ್ರಾ?"

"ಮಾಡಿ ಅಂದೆ. ಅತಿಥಿಗಳು ಕಾಯ್ತಿದಾರೆ, ಬಾಗಿಲಲ್ಲಿ ಕೂಗಾಟದ ಗಾಡಿ ನಿಂತ್ರೆ ಶಾಲೆ ಮರ್ಯಾದೆ ಏನಾಗಬೇಕು ಅಂದ್ರು." ದಾದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೇ ಎತ್ಕೊಂಡು ಓಡಬೇಕಿತ್ತು. ಕೆಲಸ ಹೋಗತ್ತೆ ಅಂತ ಹೆದರಿದೆ ಮೇಡಂ."

ಹೊರಗೆ ಢಣ್ ಢಣ್ ಎಂದು ಕಬ್ಬಿಣದ ತಟ್ಟೆ ಬಡಿದ ಸದ್ದಾಯಿತು. ಮೊದಲ ಅವಧಿ ಮುಗಿದಿತ್ತು. ಕೈಯಲ್ಲಿ ಸುತ್ತಿಗೆ ಹಿಡಿದ ಜವಾನ ಕಿವಿಗೆ ಬೆರಳಿಟ್ಟುಕೊಂಡು ಬಡಿಯುತ್ತಿದ್ದ.

ಮುಖ್ಯೋಪಾಧ್ಯಾಯರು ಎದುರಾದರು. ಮುಖ ಬಿಳಿಚಿತ್ತು. ಆದರೂ ಮಾತು ಪಾಠ ಒಪ್ಪಿಸಿದಂತೆ ನೇರವಾಗಿತ್ತು.

"ನಿಯಮ ಅಂದ್ರೆ ನಿಯಮ ಮೇಡಂ. ಪೋಷಕರ ಒಪ್ಪಿಗೆ ಇಲ್ಲದೆ ಮಗುವಿಗೆ ಒಂದು ಮಾತ್ರೆ ಕೂಡ ಕೊಡೋ ಹಾಗಿಲ್ಲ. ಕೊಟ್ಟು ಏನಾದ್ರೂ ಆದ್ರೆ ಜನ ನಮ್ಮನ್ನ ಬಿಡ್ತಾರಾ?"

"ಕೊಡದೆ ಆಯ್ತಲ್ಲ. ಈಗ ಬಿಡ್ತಾರಾ?"

ಅವರು ಗೋಡೆಯ ಮೇಲಿನ ಸ್ವಾಗತದ ಬಟ್ಟೆಯ ಕಡೆ ಕಣ್ಣು ತಿರುಗಿಸಿದರು.

"ಹುಡುಗಿಯ ತರಗತಿ ನೋಡಬೇಕು," ಎಂದಳು ಇನ್ಸ್‌ಪೆಕ್ಟರ್.

"ಮಕ್ಕಳು ಮೊದಲೇ ಹೆದರಿದಾರೆ. ಇನ್ನೊಂದಿನ..."

"ನಾನೂ ಹೆದರಿದೀನಿ ಮೇಷ್ಟ್ರೇ. ಜೊತೆಗೆ ಹೆದರ್ತೀವಿ ಬಿಡಿ."

* * *

ಒಂಬತ್ತನೆಯ ತರಗತಿಯ ಹುಡುಗಿಯರು ಉಸಿರು ಬಿಗಿಹಿಡಿದು ಎದ್ದು ನಿಂತರು. ಕಿಟಕಿಯ ಪಕ್ಕದ ಬೆಂಚು ಖಾಲಿ. ಇಬ್ಬರು ಕೂರುವ ಬೆಂಚು. ಒಂದು ತುದಿಯಲ್ಲಿ ಮಾತ್ರ ಒಂದು ಚೀಲವಿತ್ತು.

ಇನ್ಸ್‌ಪೆಕ್ಟರ್ ಮೊದಲು ಆಸ್ಪತ್ರೆಯ ಸುದ್ದಿ ಹೇಳಿದಳು. ಅಪಾಯ ಕಳೆದಿಲ್ಲ, ಜೀವವಿದೆ. ಕೆಲವರು ಅತ್ತರು. ಮುಂದಿನ ಬೆಂಚಿನವಳೊಬ್ಬಳು ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದು, "ನೋಡಿದ್ಯಾ, ಹೋಗಿಬಿಟ್ಲು ಅಂತಿದ್ರು!" ಎಂದು ಪಿಸುಗುಟ್ಟಿದಳು.

"ಯಾರು ಹಾಗಂದದ್ದು?"

ಎಲ್ಲರೂ ಆ ಚೀಲದ ಕಡೆ ನೋಡಿ ಕಣ್ಣು ತಿರುಗಿಸಿದರು.

ಆಗ ಹೊರಗೆ ಮತ್ತೆ ತಟ್ಟೆ ಬಡಿಯಿತು. ಆಟದ ಅವಧಿ. ಮಕ್ಕಳ ಭಯ ಎಷ್ಟಿದ್ದರೂ ಒಂದು ಬಿರುಕಿನಿಂದ ಚೇಷ್ಟೆ ಇಣುಕುತ್ತದೆ. ಹಿಂದಿನ ಬೆಂಚಿನಿಂದ ಯಾರೋ ಮೂಗಿನಲ್ಲಿ ಒಂದು ರಾಗ ಎತ್ತಿದರು. ಪಕ್ಕದವಳು ಸೇರಿಸಿದಳು. ಇಡೀ ತರಗತಿ ಅದನ್ನು ಹಿಡಿಯಿತು. ಹಕ್ಕಿಯ ಕೂಗು. ಮೆಟ್ಟಿಲಿಳಿಯುವ ಸ್ವರಗಳು. ಕೊನೆಯಲ್ಲಿ, ಎಲ್ಲರೂ ಒಟ್ಟಾಗಿ, ಬೇಕೆಂದೇ, ಗಂಟಲು ಕಟ್ಟಿದಂತೆ ಒಂದು ಅಪಸ್ವರ.

ಇನ್ಸ್‌ಪೆಕ್ಟರಳ ಕಣ್ಣು ಹಿಂದಿನ ಬೆಂಚಿನ ಕಡೆ ತಿರುಗಿತು.

"ಏನದು?"

"ನಮ್ಮ ಬೆಲ್ಲು ಮೇಡಂ," ಎಂದಳೊಬ್ಬಳು ನಾಲಿಗೆ ಕಚ್ಚಿಕೊಂಡು. "ಕೊನೇಲಿ ಹಾಗೇ ಕೆಮ್ಮತ್ತೆ. ಇವತ್ತು ಬೆಳಗ್ಗೆಯಿಂದ ಸತ್ತಿದೆ. ಅದಕ್ಕೆ ನಾವೇ ಬೆಲ್ಲು."

"ನಿನ್ನೆ ಸರಿ ಇತ್ತಾ?"

"ಶಾಲೆ ಬಿಡೋವರೆಗೂ ಚೆನ್ನಾಗೇ ಕೆಮ್ತಿತ್ತು ಮೇಡಂ!"

ಇನ್ಸ್‌ಪೆಕ್ಟರ್ ಮುಖ್ಯಪೇದೆಯ ಮುಖ ನೋಡಿದಳು. ಅವನ ಬಾಯಿ ತೆರೆದೇ ಇತ್ತು. ಕರೆಗಂಟೆಯೂ ಅಲ್ಲ, ಆಟಿಕೆ ಗಾಡಿಯೂ ಅಲ್ಲ.

"ಈ ಚೀಲ ಯಾರದ್ದು?"

"ಗಿಣಿದು," ಎಂದರು ಮೂವರು ಒಟ್ಟಿಗೆ.

"ಗಿಣಿ ಅಂತ ಯಾಕೆ ಕರೀತೀರಿ?"

ಮುಂದಿನ ಬೆಂಚಿನವಳು ತಲೆ ತಗ್ಗಿಸಿದಳು. "ಅವಳು ಯಾರ ದನಿ ಬೇಕಾದ್ರೂ ಮಾಡ್ತಾಳೆ ಮೇಡಂ. ಮೇಷ್ಟ್ರದ್ದು. ಸಿನಿಮಾದವರದ್ದು." ಸ್ವಲ್ಪ ತಡೆದು, "ನಮ್ಮ ಅಮ್ಮಂದಿರದ್ದು."

"ಈಗೆಲ್ಲಿದ್ದಾಳೆ?"

"ಬೆಳಗ್ಗೆ ಮೇಷ್ಟ್ರು ಕರೆಸಿದ್ರು. ವಾಪಸ್ ಬಂದು, ಅವಳು ಹೋಗಿಬಿಟ್ಲು ಅಂತ ಹೇಳಿ, ಚೀಲ ಇಟ್ಟು ಹೋದವಳು ಮತ್ತೆ ಬರಲೇ ಇಲ್ಲ."

* * *

ಇನ್ಸ್‌ಪೆಕ್ಟರ್ ಅಷ್ಟು ವೇಗವಾಗಿ ಎಂದೂ ಮೆಟ್ಟಿಲು ಹತ್ತಿರಲಿಲ್ಲ. ಮೊದಲು ತಾರಸಿ. ಬಾಗಿಲಿಗೆ ಬೀಗ. ದೇವರೇ, ಎಂದುಕೊಂಡು ಬೀಗವನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಶೌಚಾಲಯಗಳು, ಪ್ರಯೋಗಶಾಲೆ, ನೀರಿನ ತೊಟ್ಟಿ. ತೊಟ್ಟಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದಳು. ಒಳಗೆ ನೀರು ಮಾತ್ರವಿತ್ತು, ಅದರಲ್ಲಿ ಅವಳದೇ ಮುಖವಿತ್ತು.

"ಕದ್ದು ಫೋನು ಮಾಡೋಕೆ ಈ ಶಾಲೇಲಿ ಜಾಗ ಎಲ್ಲಿದೆ?" ಅವಳು ತನ್ನನ್ನೇ ಕೇಳಿಕೊಂಡಳು. ಯಾರೂ ಓಡಾಡದ ಜಾಗ. ಆದರೆ ಬೆಲ್ಲು ಕೇಳಿಸುವ ಜಾಗ.

"ಸಭಾಂಗಣದ ವೇದಿಕೆ," ಎಂದಳು ಹಿಂದೆ ಓಡಿ ಬಂದ ದಾದಿ.

ವೇದಿಕೆಯ ಹಿಂದಿನ ಕೋಣೆಯಲ್ಲಿ ನಾಟಕದ ಬಟ್ಟೆಗಳ ದೊಡ್ಡ ಕಪಾಟು. ಬಾಗಿಲು ಒಳಗಿನಿಂದ ಎಳೆದು ಹಿಡಿದಂತಿತ್ತು. ಬಿರುಕಿನಲ್ಲಿ ಸಮವಸ್ತ್ರದ ಅಂಚು.

ಇನ್ಸ್‌ಪೆಕ್ಟರ್ ಬಾಗಿಲು ಒಡೆಯಲಿಲ್ಲ. ಟೊಪ್ಪಿಗೆ ತೆಗೆದಿಟ್ಟು ಧೂಳು ನೆಲದ ಮೇಲೆಯೇ ಕುಳಿತಳು.

"ಗಿಣಿ, ನಿನ್ನ ಗೆಳತಿ ಬದುಕಿದ್ದಾಳೆ."

ಒಳಗೆ ಬಟ್ಟೆಗಳು ಸರಿದ ಸದ್ದಾಯಿತು.

"ಸುಳ್ಳು." ಆ ದನಿ ಒಣಗಿ ಹೋಗಿತ್ತು. "ಸತ್ತುಹೋದ್ಲು. ನಾನೇ ಕೊಂದೆ. ಮೇಷ್ಟ್ರು ಹೇಳಿದ್ರು."

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದಳು. ಕೋಪಕ್ಕೆ ಒಂದು ಬಣ್ಣವಿದ್ದರೆ ಆಗ ಅವಳಿಗೆ ಕಂಡದ್ದು ಅದೇ. ತನ್ನನ್ನು ಉಳಿಸಿಕೊಳ್ಳುವುದಕ್ಕೆ ಒಬ್ಬ ಶಿಕ್ಷಕ, ವಿದ್ಯೆ ಕೊಡುತ್ತೇನೆಂದು ಎದುರು ಕೂರಿಸಿಕೊಂಡ ಮಗುವಿನ ಎದೆಯಲ್ಲಿ ಒಂದು ಹೆಣವನ್ನು ಹೂತಿಟ್ಟಿದ್ದ.

ಆಸ್ಪತ್ರೆಗೆ ಕರೆ ಮಾಡಿ ಫೋನನ್ನು ಬಾಗಿಲಿನ ಬಿರುಕಿಗೆ ಹಿಡಿದಳು. "ಡಾಕ್ಟ್ರೇ, ಒಂದು ಮಾತು ಹೇಳಿ. ಹುಡುಗಿ ಹೇಗಿದ್ದಾಳೆ?"

"ಜ್ವರ ಇಳೀತಿದೆ. ಬೆರಳು ಹಿಡಿದ್ರೆ ಹಿಂಡ್ತಾಳೆ. ಇನ್ನೂ ಕಣ್ಣು ಬಿಟ್ಟಿಲ್ಲ. ಆದ್ರೆ ನನಗೀಗ ಭರವಸೆ ಇದೆ."

ಕಪಾಟಿನ ಬಾಗಿಲು ತಾನಾಗಿ ತೆರೆಯಿತು. ರಾಜನ ಅಂಗಿ, ರಾಣಿಯ ಸೆರಗುಗಳ ನಡುವಿನಿಂದ ಒಂದು ಪುಟ್ಟ ದೇಹ ಇನ್ಸ್‌ಪೆಕ್ಟರಳ ತೊಡೆಯ ಮೇಲೆ ಕುಸಿಯಿತು.

ಗಿಣಿಯ ಮಾತು ತುಂಡು ತುಂಡಾಗಿ ಬಂತು.

"ನಿನ್ನೆ ಗಣಿತದ ಪರೀಕ್ಷೆ. ಹೊಟ್ಟೆನೋವು ಅಂತ ಮಲಗ್ತೀನಿ, ಮೇಷ್ಟ್ರು ಫೋನು ಮಾಡಿದ್ರೆ ನಮ್ಮ ಚಿಕ್ಕಮ್ಮನ ಹಾಗೆ ಮಾತಾಡು ಅಂತ ಅವಳೇ ಮೊನ್ನೆ ಹೇಳಿದ್ಲು. ಫೋನು ನನ್ನ ಹತ್ರಾನೇ ಇರ್ತಿತ್ತು. ಎಲ್ಲರಿಗೂ ನಾನೇ ಅಮ್ಮ ಆಗ್ತಿದ್ದೆ. ನಿನ್ನೆ ಪ್ರಾರ್ಥನೆ ಸಾಲಲ್ಲಿ, ಹೊಟ್ಟೆ ನೋಯ್ತಿದೆ ಕಣೇ ಅಂದ್ಲು. ನಾನು ಕಣ್ಣು ಹೊಡೆದೆ." ಅವಳು ಬಿಕ್ಕಿದಳು. "ನಿಜವಾಗ್ಲೂ ನೋಯ್ತಿತ್ತು ಮೇಡಂ. ನಾನು ಕಣ್ಣು ಹೊಡೆದೆ."

"ಆಸ್ಪತ್ರೆ ಬೇಡ ಅಂತ ಯಾಕಂದೆ?"

"ಆಸ್ಪತ್ರೆಗೆ ಹೋದ್ರೆ ನಾಟಕ ಗೊತ್ತಾಗಿಬಿಡತ್ತೆ ಅಂತ."

"ಮಾತಾಡುವಾಗ ಬೆಲ್ಲು ಹೊಡೀತು. ಫೋನಿಗೆ ಕೈ ಮುಚ್ಚಿದೆ. ಆಮೇಲೆ?"

"ಇಟ್ಟ ತಕ್ಷಣ ಮೇಷ್ಟ್ರು ಇಲ್ಲಿಗೇ ಬಂದ್ರು, ನಾನು ದನಿ ಮಾಡೋದೂ ಇಲ್ಲೇ ಅಡಗೋದೂ ಅವರಿಗೆ ಗೊತ್ತು. ಫೋನು ಕಿತ್ಕೊಂಡ್ರು. ಅವಳಿಗೆ ನಿಜವಾಗ್ಲೂ ಹುಷಾರಿಲ್ವಾ ಸರ್ ಅಂತ ಕೇಳ್ದೆ. ನಿಮ್ಮಿಬ್ಬರದೂ ನಾಟಕ, ಅತಿಥಿಗಳು ಹೋಗ್ಲಿ, ವಿಚಾರಿಸ್ಕೊಳ್ತೀನಿ ಅಂದ್ರು. ಇವತ್ತು ಬೆಳಗ್ಗೆ ಕರೆದು..." ಉಳಿದದ್ದು ಅಳುವಿನಲ್ಲಿ ಕರಗಿತು.

ಇನ್ಸ್‌ಪೆಕ್ಟರ್ ಅವಳ ತಲೆಯ ಮೇಲಿನ ಜರಿಯ ಎಳೆಯೊಂದನ್ನು ತೆಗೆದಳು.

"ನೀನು ಮಾಡಿದ್ದು ತಪ್ಪು ಕಂದ. ದೊಡ್ಡ ತಪ್ಪೇ. ಆದ್ರೆ ಅದು ಮಕ್ಕಳ ತಪ್ಪು. ಅದನ್ನ ಕೊಲೆಯ ಹತ್ತಿರಕ್ಕೆ ಎಳೆದದ್ದು ದೊಡ್ಡವರು."

* * *

ಮುಖ್ಯೋಪಾಧ್ಯಾಯರ ಕೋಣೆಗೆ ಇನ್ಸ್‌ಪೆಕ್ಟರ್ ಹುಡುಗಿಯ ತಂದೆಯನ್ನೂ ಚಿಕ್ಕಮ್ಮನನ್ನೂ ಕರೆಸಿದ್ದಳು. ದಾದಿ ಬಾಗಿಲ ಬಳಿ ನಿಂತಿದ್ದಳು. ಗಂಡ ಹೆಂಡತಿಯ ನಡುವೆ ಒಂದು ಕುರ್ಚಿ ಖಾಲಿ ಇತ್ತು.

"ಮೇಷ್ಟ್ರೇ, ಬೆಲ್ಲು ಯಾವಾಗ ಕೆಟ್ಟಿತು?"

"ಇವತ್ತು ಬೆಳಗ್ಗೆ. ಹಳೇದಾಗಿತ್ತು."

"ರಿಪೇರಿಯವರನ್ನ ಕರೆಸಿದ್ರಾ?"

"ಈ ಗಲಾಟೇಲಿ ಅದ್ಯಾರಿಗೆ ಬೇಕು ಮೇಡಂ?"

"ನಮ್ಮ ಪೇದೆಗೆ ಕರೆಂಟಿನ ಕೆಲಸ ಸ್ವಲ್ಪ ಬರತ್ತೆ. ಆ ಪೆಟ್ಟಿಗೆ ತೆಗೀರಿ."

ಗೋಡೆಯ ಮೇಲೆ, ಅವರ ಕುರ್ಚಿಯ ಹಿಂದೆಯೇ, ಬೆಲ್ಲಿನ ಪೆಟ್ಟಿಗೆಯಿತ್ತು. ಮುಖ್ಯೋಪಾಧ್ಯಾಯರ ಕೈ ಜೇಬಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು.

"ಬೀಗದಕೈ ಮನೇಲಿದೆ."

"ಪರವಾಗಿಲ್ಲ ಸರ್," ಎಂದ ಮುಖ್ಯಪೇದೆ, ತಿರುಪುಳಿ ಹೊರತೆಗೆದು. "ಬೀಗದಕೈ ಇಲ್ಲದ ಪೆಟ್ಟಿಗೆ ತೆಗೆಯೋದು ಕಳ್ಳರಿಗೂ ಗೊತ್ತು, ಕಳ್ಳರನ್ನ ಹಿಡಿಯೋರಿಗೂ ಗೊತ್ತು."

ಮುಚ್ಚಳ ಕಳಚಿತು. ಒಂದು ತಂತಿ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಅಚ್ಚುಕಟ್ಟಾಗಿ ಬಿಚ್ಚಿ ಪಕ್ಕಕ್ಕೆ ಬಾಗಿಸಲಾಗಿತ್ತು. ಅದರ ಕೆಳಗೆ, ಕರವಸ್ತ್ರದಲ್ಲಿ ಸುತ್ತಿದ ಒಂದು ಹಳೆಯ ಮೊಬೈಲು.

ಚಿಕ್ಕಮ್ಮ ಚೀರಲಿಲ್ಲ. ಮೆಲ್ಲಗೆ, "ಮೂಲೆ ಒಡೆದಿದೆಯಾ ನೋಡಿ. ಪುಟ್ಟಿ ಬೀಳಿಸಿದ್ಲು," ಎಂದಳು.

ಮೂಲೆ ಒಡೆದಿತ್ತು.

"ನಾನು ಮಕ್ಕಳಿಂದ ಕಸಿದುಕೊಂಡ ಫೋನುಗಳನ್ನ..." ಮುಖ್ಯೋಪಾಧ್ಯಾಯರು ತೊದಲಿದರು.

"ಕೂತ್ಕೊಳ್ಳಿ," ಎಂದಳು ಇನ್ಸ್‌ಪೆಕ್ಟರ್. "ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ. ನೀವು ತಿದ್ದೋರೇ ಅಲ್ವಾ?"

ಅವಳು ಧ್ವನಿಮುದ್ರಣ ಹಚ್ಚಿದಳು. ರಾಗ ಶುರುವಾಯಿತು.

"ಕಿವಿಗೊಟ್ಟು ಕೇಳಿ. ಈ ರಾಗ ಒಂದಲ್ಲ, ಎರಡು. ಒಂದು ಮೇಷ್ಟ್ರ ಕೋಣೆಯದ್ದು. ಅದು ಕೊನೆವರೆಗೂ ಸ್ಪಷ್ಟವಾಗಿದೆ. ಇನ್ನೊಂದು ಅದರ ಬೆನ್ನಿಗೇ ಬರತ್ತೆ, ಒಂದು ಉಸಿರು ತಡವಾಗಿ. ಆ ಕಡೆಯವರು ಫೋನಿಗೆ ಕೈ ಮುಚ್ಚಿದ ಕೂಡಲೇ ಎರಡನೆಯದ್ದು ಮುಳುಗಿ ಹೋಗತ್ತೆ. ಅಂದ್ರೆ ಅದು ಆ ಕಡೆಯಿಂದ ಬಂದದ್ದು. ಎರಡು ಬೀದಿ ಆಚೆ, ಯಂತ್ರಗಳ ಮಧ್ಯೆ ಇರೋ ತಾಯಿಗೆ ಈ ಬೆಲ್ಲು ಕೇಳಿಸೋಕೆ ಸಾಧ್ಯವೇ ಇಲ್ಲ. ಮಾತಾಡಿದವರು ಇದೇ ಕಟ್ಟಡದಲ್ಲಿದ್ರು. ಒಂದು ಮಗು. ದನಿ ಅನುಕರಿಸೋ ಮಗು."

ತಂದೆ ತಲೆಯೆತ್ತಿದ.

"ಮಗು ಮೋಸ ಮಾಡಿತು. ಅಲ್ಲಿಗೆ ಮೇಷ್ಟ್ರೂ ಮೋಸಹೋದವರೇ ಅಂತ ನಾನು ಅಂದ್ಕೋಬಹುದಿತ್ತು. ಆದ್ರೆ ಬೆಲ್ಲು ಸತ್ತದ್ದು ಇವತ್ತು ಬೆಳಗ್ಗೆ. ಈ ಬೆಲ್ಲಿನ ಬಗ್ಗೆ ಆಗ ಯಾರೂ ಸೊಲ್ಲೆತ್ತಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನಿನ್ನೂ ಕುಂಬಳಕಾಯಿ ಅಂತಾನೂ ಅಂದಿರಲಿಲ್ಲ. ಇವರು ಆಗಲೇ ಹೆಗಲು ಒರೆಸ್ಕೊಂಡಿದ್ರು."

"ನಾನು..."

"ನಿನ್ನೆ ನಿಮಗೆ ಆ ರಾಗ ಎರಡು ಕಿವಿಗೂ ಕೇಳಿಸಿತು. ಒಂದಕ್ಕೆ ಗೋಡೆಯಿಂದ, ಇನ್ನೊಂದಕ್ಕೆ ಫೋನಿನಿಂದ. ಕರೆ ಮುಗಿದ ಕೂಡಲೇ ಎದ್ದು ಹೋಗಿ ಆ ಮಗುವನ್ನ ಹಿಡಿದ್ರಿ, ಫೋನು ಕಿತ್ಕೊಂಡ್ರಿ. ಆ ಕ್ಷಣದಿಂದ ನಿಮಗೆ ಗೊತ್ತಿತ್ತು, ತಾಯಿಯನ್ನ ಯಾರೂ ಕೇಳೇ ಇಲ್ಲ ಅಂತ. ಆದ್ರೂ ಎರಡನೇ ಸಲ ಬೇಡಿಕೊಳ್ಳೋಕೆ ಬಂದ ದಾದಿಗೆ ತಾಯಿ ಒಪ್ಪಿಲ್ಲ ಅಂದ್ರಿ. ಯಾಕೆ? ಅತಿಥಿಗಳ ಮುಂದೆ ಆಂಬುಲೆನ್ಸ್ ನಿಲ್ಲಬಾರದಿತ್ತು. ಆ ಸುಳ್ಳು ನಿರಾಕರಣೆ ನಿಮಗೆ ಬೇಕಿತ್ತು. ಕೇಳದೇ ಸಿಕ್ಕ ವರ."

"ನಾಟಕ ಅಂದುಕೊಂಡೆ ಮೇಡಂ! ಫೋನು ನಾಟಕ ಅಂದ ಮೇಲೆ ನೋವೂ ನಾಟಕ ಅಂತ..."

"ಹೊಟ್ಟೆ ಹಲಗೆ ಆಗಿತ್ತು ಸರ್!" ಬಾಗಿಲ ಬಳಿಯಿಂದ ದಾದಿ ಕೂಗಿದಳು. ಅವಳ ಹೆದರಿಕೆ ಆ ಒಂದು ಕೂಗಿನಲ್ಲಿ ಹರಿದುಹೋಯಿತು. "ನಾಟಕದ ಹೊಟ್ಟೆ ಹಲಗೆ ಆಗಲ್ಲ ಅಂತ ನಿಮ್ಮ ಕಾಲು ಹಿಡ್ಕೊಂಡು ಹೇಳ್ದೆ!"

"ಆಸ್ಪತ್ರೆಯಲ್ಲಿ ಕೊರಳಪಟ್ಟಿ ಹಿಡಿದಾಗ, ಪ್ರಾಣಭಯಕ್ಕೆ ಈ ಧ್ವನಿಮುದ್ರಣ ಹಚ್ಚಿಬಿಟ್ರಿ," ಇನ್ಸ್‌ಪೆಕ್ಟರ್ ಮುಂದುವರಿಸಿದಳು. "ಮನೆಗೆ ಹೋದ ಮೇಲೆ ಬೆಲ್ಲು ನೆನಪಾಯ್ತು. ಬೆಳಗ್ಗೆ ಬಂದು ಅದರ ಬಾಯಿ ಕಟ್ಟಿದ್ರಿ. ಇನ್ನೊಂದು ಬಾಯಿ ಉಳಿದಿತ್ತು. ಆ ಮಗುವನ್ನ ಕರೆದು, ನಿನ್ನ ಗೆಳತಿ ಸತ್ತಳು, ಕೊಂದವಳು ನೀನು ಅಂದ್ರಿ." ಅವಳ ದನಿ ತಗ್ಗಿತು. "ಈಗ ಸ್ವಲ್ಪ ಹೊತ್ತಿಗೆ ಮುಂಚೆ ನಾನು ನಿಮ್ಮ ಶಾಲೆಯ ನೀರಿನ ತೊಟ್ಟಿಯ ಮುಚ್ಚಳ ಎತ್ತಿ ನೋಡಿದೆ ಮೇಷ್ಟ್ರೇ. ಯಾಕೆ ಗೊತ್ತಾ?"

ಅವರಿಗೆ ಗೊತ್ತಾಯಿತು.

"ನಿಯಮ ಅಂದ್ರೆ ನಿಯಮ ಅಂದ್ರಿ. ಪೋಷಕರ ಒಪ್ಪಿಗೆ ಅನ್ನೋದು ಮಗುವಿಗೆ ಕೊಡೆ. ಮಳೆ ಬಂದಾಗ ಮಗುವನ್ನ ಹೊರಗೆ ನಿಲ್ಲಿಸಿ ನೀವು ಅದರ ಕೆಳಗೆ ನಿಂತ್ರಿ."

ಮುಖ್ಯಪೇದೆ ತಂತಿಯನ್ನು ಸ್ವಸ್ಥಾನಕ್ಕೆ ಸಿಕ್ಕಿಸಿದ. ಗೋಡೆಯ ಪೆಟ್ಟಿಗೆ ಒಮ್ಮೆಲೇ ಜೀವ ತಳೆದು ಹಕ್ಕಿಯಂತೆ ಕೂಗಿತು, ಮೆಟ್ಟಿಲಿಳಿಯಿತು, ಕೆಮ್ಮಿತು. ದೂರದ ತರಗತಿಯಿಂದ ಮಕ್ಕಳ ಕೇಕೆ ಕೇಳಿಸಿತು. ಅದರ ನಡುವೆ ಅವನು ಮುಖ್ಯೋಪಾಧ್ಯಾಯರ ಭುಜ ಮುಟ್ಟಿದ.

"ಏಳಿ ಸರ್. ಅವಧಿ ಮುಗೀತು."

* * *

ಸಂಜೆಯ ಬೆಳಕು ಆಸ್ಪತ್ರೆಯ ಮೊಗಸಾಲೆಯ ನೆಲದ ಮೇಲೆ ಉದ್ದಕ್ಕೆ ಚಾಚಿತ್ತು. ಗಿಣಿ ಇನ್ಸ್‌ಪೆಕ್ಟರಳ ಕೈ ಬಿಟ್ಟು ಚಿಕ್ಕಮ್ಮನ ಮುಂದೆ ನಿಂತಳು.

"ಆಂಟಿ, ನನ್ನನ್ನ ಹೊಡೀರಿ."

ಚಿಕ್ಕಮ್ಮ ಅವಳ ಮೊಣಕೈ ಹಿಡಿದು ಹತ್ತಿರಕ್ಕೆಳೆದಳು. ಕೈಯೆತ್ತಲಿಲ್ಲ.

"ನಾನು ನಿಜವಾಗ್ಲೂ ಹಾಗೇ ಮಾತಾಡ್ತೀನಾ?"

ಗಿಣಿ ತಲೆಯಾಡಿಸಿದಳು. "ಪುಟ್ಟಿಯೇ ಕಲಿಸಿದ್ಲು. ನಮ್ಮ ಚಿಕ್ಕಮ್ಮ ಹೀಗಂತಾಳೆ ಅಂತ. ಕಳ್ಳ ಹೊಟ್ಟೆನೋವು, ಕಳ್ಳ ಜ್ವರ, ಕಳ್ಳ ಅಳು..."

ಅವಳಿಗೆ ತಾನೇನು ಹೇಳಿದೆನೆಂದು ಅರ್ಥವಾಗಿ ಬಾಯಿ ಮುಚ್ಚಿಕೊಂಡಳು. ಚಿಕ್ಕಮ್ಮ ಗೋಡೆಗೆ ತಲೆಯಾನಿಸಿದಳು. ಕಾನೂನು ಅವಳನ್ನು ನಿರಪರಾಧಿಯೆಂದು ಬಿಟ್ಟಿತ್ತು. ದನಿ ಅವಳದ್ದಾಗಿರಲಿಲ್ಲ. ಮಾತು ಮಾತ್ರ ಅವಳದ್ದೇ.

ಗಂಡ ಇಲ್ಲೂ ನಡುವೆ ಖಾಲಿ ಉಳಿದಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕುಳಿತ. ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಬೇಡವೆಂದು ಕೈಯಾಡಿಸಿದಳು.

ವೈದ್ಯರು ಬಾಗಿಲು ತೆರೆದು ನಿಂತರು. "ಕಣ್ಣು ಬಿಟ್ಟಿದ್ದಾಳೆ. ಒಬ್ಬರೇ ಬನ್ನಿ."

ತಂದೆ ಏಳಲಿಲ್ಲ. "ನೀನು ಹೋಗು," ಎಂದ.

ಇನ್ಸ್‌ಪೆಕ್ಟರ್ ಬಾಗಿಲ ಗಾಜಿನಿಂದ ನೋಡಿದಳು. ನಳಿಕೆಗಳ ನಡುವೆ ಒಂದು ಸಣ್ಣ ಮುಖ. ಬತ್ತಿದ ತುಟಿ. ಬಾಗಿದ ಚಿಕ್ಕಮ್ಮನನ್ನು ಕಂಡದ್ದೇ ಆ ಕಣ್ಣುಗಳಲ್ಲಿ ಮೊದಲು ಮೂಡಿದ್ದು ಭಯ. ಸಿಕ್ಕಿಬಿದ್ದ ಮಗುವಿನ ಭಯ.

"ಚಿಕ್ಕಮ್ಮ," ಎಂದಳು ಪುಟ್ಟಿ, ದನಿಯೇ ಇಲ್ಲದ ದನಿಯಲ್ಲಿ. "ಇದು ಕಳ್ಳ ಹೊಟ್ಟೆನೋವಲ್ಲ. ನಿಜವಾಗ್ಲೂ ನೋಯ್ತಿದೆ."

"ಹೂಂ," ಎಂದಳು ಚಿಕ್ಕಮ್ಮ. ಒಂಟಿ ಬೂಟು ಇನ್ನೂ ಅವಳ ಕಂಕುಳಲ್ಲೇ ಇತ್ತು. "ನಂಬಿದೆ ಪುಟ್ಟಿ. ಇನ್ನು ಮೇಲೆ ಮೊದಲು ನಂಬ್ತೀನಿ. ಬೈಯೋದು ಆಮೇಲೆ."